ಹಳೆಯ ಅಂಬಾಸಿಡರ್ ಒಂದು ಬದಿಗೆ ವಾಲುವುದೇಕೆ?

ಮಸರಕಲ್ (ದೇವದುರ್ಗ ತಾಲ್ಲೂಕು): ಸಾವಿರಾರು ರೂಪಾಯಿ ವೆಚ್ಚ ಮಾಡಿ ಮುಂಭಾಗದ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಜೋಡಿಸಿದ ನಂತರವೂ ಕಾರು ಒಂದು ಬದಿಗೆ ತಗ್ಗಿ ನಿಂತರೆ ಮಾಲೀಕರು ಕಂಗಾಲಾಗುವುದು ಸಹಜ. ಮಸರಕಲ್‌ನ ಮನೆಯಂಗಳದಲ್ಲಿ ನಿಂತ ಅಂಬಾಸಿಡರ್ ಆಗಲಿ, ಬೆಂಗಳೂರಿನ ಶೆಡ್‌ನಲ್ಲಿರುವ ಅಂಬಾಸಿಡರ್ ಆಗಲಿ, ಈ ದೋಷದ ಕಾರಣಗಳು ಒಂದೇ. ಕ್ರಮಬದ್ಧವಾಗಿ ಪರಿಶೀಲಿಸಿದರೆ ಅನಗತ್ಯ ವೆಚ್ಚವನ್ನು ತಪ್ಪಿಸಬಹುದು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಆಧರಿಸಿದ ಅಂಬಾಸಿಡರ್, ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ಉತ್ಪಾದನೆ ನಿಂತಿತು. ಆದ್ದರಿಂದ ಸರಿಯಾಗಿರುವ ಹಳೆಯ ಬಿಡಿಭಾಗವನ್ನು ದೋಷಯುಕ್ತವೆಂದು ಭಾವಿಸಿ ಎಸೆಯುವುದು ದುಬಾರಿ ತಪ್ಪಾದೀತು.

ಭಾರ ಹೊರುವವರು ಯಾರು?

ಈ ಕಾರಿನ ಮುಂಭಾಗದ ಭಾರವನ್ನು ಸುರುಳಿ ಸ್ಪ್ರಿಂಗ್ ಹೊರುವುದಿಲ್ಲ. ಚಾಸಿಯ ಉದ್ದಕ್ಕೂ ಇರುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸಲಾಕೆ ತಿರುಚಿಕೊಳ್ಳುತ್ತಾ ಆ ಭಾರವನ್ನು ಹೊರುತ್ತದೆ. ಹಿಂಭಾಗದಲ್ಲಿ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇದೆ. ಶಾಕ್ ಅಬ್ಸಾರ್ಬರ್‌ನ ಕೆಲಸ ಕುಲುಕಾಟವನ್ನು ತಗ್ಗಿಸುವುದಷ್ಟೇ. ಹೀಗಾಗಿ ಎತ್ತರದ ವ್ಯತ್ಯಾಸಕ್ಕೆ ಅದನ್ನು ಬದಲಿಸಿ ಪ್ರಯೋಜನವಿಲ್ಲ.

ಮೊದಲು ಅಳತೆ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ನಾಲ್ಕೂ ಟೈರುಗಳ ಗಾತ್ರ ಹಾಗೂ ಎಡಬಲದ ಗಾಳಿಯ ಒತ್ತಡ ಸಮನಾಗಿರಬೇಕು. ಜಾಕ್‌ನಿಂದ ಇಳಿಸಿದ ತಕ್ಷಣ ಅಳೆಯಬಾರದು. ಚಕ್ರಗಳು ಒಳಸರಿದು ನಿಂತಿರುವುದರಿಂದ ಕಾರು ಸಹಜ ಎತ್ತರಕ್ಕಿಂತ ಮೇಲಿರುತ್ತದೆ. ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿ, ಕುಲುಕಿ ಬಿಟ್ಟ ಮೇಲೆ ಅಳೆಯುವುದು ಸರಿಯಾದ ಕ್ರಮ. ಹಳೆಯ ಕಾರುಗಳ ಮಡ್‌ಗಾರ್ಡ್ ಬಾಗಿರುವ ಸಾಧ್ಯತೆ ಇರುವುದರಿಂದ, ಎರಡೂ ಬದಿಯಲ್ಲಿ ಚಾಸಿಯ ಒಂದೇ ಸ್ಥಾನದಿಂದ ನೆಲಕ್ಕಿರುವ ಅಂತರವನ್ನೂ ಗುರುತಿಸಿಕೊಳ್ಳಬೇಕು.

ದೋಷ ಮುಂದೋ, ಹಿಂದೋ?

ಹಿಂದಿನ ಒಂದು ಬದಿಯ ಲೀಫ್ ಸ್ಪ್ರಿಂಗ್ ಕುಗ್ಗಿದ್ದರೂ ಮುಂಭಾಗ ವಾಲಿದಂತೆ ಕಾಣುತ್ತದೆ. ಇದನ್ನು ತಿಳಿಯಲು ಸರಳ ಪರೀಕ್ಷೆಯಿದೆ. ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್‌ನ ನಡುಭಾಗಕ್ಕೆ ಜಾಕ್ ಕೊಟ್ಟು ಹಿಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಆಗ ಮುಂಭಾಗ ಸಮವಾದರೆ ದೋಷ ಹಿಂದಿನ ಸ್ಪ್ರಿಂಗ್‌ನದು. ವಾಲುವಿಕೆ ಹಾಗೆಯೇ ಉಳಿದರೆ ಮುಂಭಾಗದ್ದು. ಪರೀಕ್ಷೆಯ ವೇಳೆ ಯಾರೂ ಕಾರಿನಡಿ ಹೋಗಕೂಡದು.

ಜೋಡಣೆಯ ಲೋಪಗಳು

ಟಾರ್ಷನ್ ಬಾರ್‌ನ ತುದಿಗಳಲ್ಲಿ ಹಲ್ಲುಗಳಿವೆ. ಗುರುತು ಹಾಕದೆ ಬಿಚ್ಚಿ, ಒಂದು ಹಲ್ಲು ಆಚೀಚೆ ಕೂರಿಸಿದರೂ ಎತ್ತರ ಬದಲಾಗುತ್ತದೆ. ಎಡಬಲ ಅದಲುಬದಲು ಮಾಡುವುದು ಇನ್ನೂ ಅಪಾಯಕಾರಿ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿಕೊಂಡ ಉಕ್ಕನ್ನು ವಿರುದ್ಧ ದಿಕ್ಕಿಗೆ ತಿರುಚಿದರೆ ಅದು ಕುಗ್ಗಬಹುದು, ಮುರಿಯಲೂಬಹುದು.

ಎರಡನೆಯ ಲೋಪ ರಬ್ಬರ್ ಬುಶ್‌ಗಳದು. ಚಕ್ರಗಳು ತೂಗಾಡುತ್ತಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರೆ, ಕಾರು ಇಳಿದಾಗ ರಬ್ಬರ್ ತಿರುಚಿಕೊಂಡು ಆ ಬದಿಯನ್ನು ಎತ್ತಿ ಹಿಡಿಯುತ್ತದೆ. ಕೆಲವೇ ದಿನಗಳಲ್ಲಿ ಹರಿಯುತ್ತದೆ. ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲಿರುವಾಗ ಆಗಬೇಕು. ಆದ್ದರಿಂದ ಟಾರ್ಷನ್ ಬಾರ್‌ಗೆ ಕೈಹಾಕುವ ಮುನ್ನ ಈ ಬೋಲ್ಟ್‌ಗಳನ್ನು ಸಡಿಲಿಸಿ, ಕಾರನ್ನು ಉರುಳಿಸಿ, ಮತ್ತೊಮ್ಮೆ ಅಳೆಯುವುದು ಒಳಿತು.

ಫಿಯೆಟ್ 1100 ಮೂಲದ ಪ್ರೀಮಿಯರ್ ಪದ್ಮಿನಿಯಲ್ಲಿ ಮುಂದೆ ಸುರುಳಿ ಸ್ಪ್ರಿಂಗ್ ಇದೆ. ಅಲ್ಲಿ ಸ್ಪ್ರಿಂಗ್‌ನ ತುದಿ ತನ್ನ ಗುಳಿಯಲ್ಲಿ ಸರಿಯಾಗಿ ಕೂತಿದೆಯೇ, ಎರಡರ ಉದ್ದ ಮತ್ತು ತಂತಿಯ ದಪ್ಪ ಒಂದೇ ಇದೆಯೇ ಎಂದು ನೋಡಬೇಕು. ಎಡಬಲ ಬದಲಿಸಿದಾಗ ವಾಲುವಿಕೆಯೂ ಬದಿ ಬದಲಿಸಿದರೆ ದೋಷ ಸ್ಪ್ರಿಂಗ್‌ನದೇ.

ಎಚ್ಚರಿಕೆ ಅಗತ್ಯ

ಭಾರ ಹೊತ್ತ ಟಾರ್ಷನ್ ಬಾರ್ ಅಥವಾ ಅದುಮಿದ ಸುರುಳಿ ಸ್ಪ್ರಿಂಗ್ ಸಿಡಿದರೆ ಪ್ರಾಣಾಪಾಯ ತಪ್ಪಿದ್ದಲ್ಲ. ಬಿಚ್ಚುವ ಮುನ್ನ ಚಾಸಿಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು, ಬಿಗಿತ ಇಳಿಸಲೇಬೇಕು. ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸುವುದು ಕ್ಷೇಮ. ಎತ್ತರ ಸರಿಪಡಿಸಿದ ಮೇಲೆ ಚಕ್ರಗಳ ಕೋನ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಹೆಡ್‌ಲೈಟ್ ದಿಕ್ಕನ್ನೂ ಹೊಂದಿಸಬೇಕು.

ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 15 ವರ್ಷಗಳ ನಂತರ ತಪಾಸಣೆ ಎದುರಿಸಬೇಕಾಗುತ್ತದೆ. 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮಗಳು ವಿಂಟೇಜ್ ನೋಂದಣಿಯ ಅವಕಾಶ ನೀಡಿವೆ. ವಾಲಿದ ಬದಿಗೆ ದಪ್ಪ ವಾಷರ್ ತುರುಕಿ ಮೇಲ್ನೋಟಕ್ಕೆ ಸಮ ಮಾಡುವ ಬದಲು, ಮೂಲ ಕಾರಣವನ್ನು ಹುಡುಕುವುದೇ ವಾಹನಕ್ಕೂ ಅದರಲ್ಲಿ ಕೂರುವವರಿಗೂ ಹಿತ.