ತೊಗಟೆಯಲ್ಲಿ ಅಡಗಿದ ಹೊಸ ಜೀವಲೋಕ

ಹೊಸ ಜೀವಪ್ರಭೇದ ಸಿಗಬೇಕೆಂದರೆ ಯಾರೂ ಕಾಲಿಡದ ಕಾಡನ್ನೇ ಹುಡುಕಿ ಹೊರಡಬೇಕಿಲ್ಲ. ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿರುವ ಫಕಹಾಚಿ ಸ್ಟ್ರ್ಯಾಂಡ್ ಇದಕ್ಕೆ ಸಾಕ್ಷಿ. ಉಪೋಷ್ಣವಲಯದ ಈ ಜೌಗುಕಾಡಿನ ಹಳೆಯ ಸೈಪ್ರೆಸ್ ಮರಗಳು ಕಳೆದ ಶತಮಾನದ ನಡುಭಾಗದಲ್ಲೇ ನಾಟಾ ವ್ಯಾಪಾರಕ್ಕೆ ಬಲಿಯಾಗಿದ್ದವು. ಆರ್ಕಿಡ್‌ಗಳಿಗೆ ಹೆಸರಾದ ಈ ಕಾಡನ್ನು ಸಸ್ಯಪ್ರಿಯರು ದಶಕಗಳಿಂದ ಸುತ್ತುತ್ತಲೇ ಇದ್ದಾರೆ. ಆದರೂ ಕಲ್ಲುಹೂವಿನ ತಜ್ಞರ ತಂಡವೊಂದು ಇಲ್ಲಿ ಮಸೂರ ಹಿಡಿದು ಹುಡುಕಿದಾಗ ಸಿಕ್ಕ ಪ್ರಭೇದಗಳು 400ಕ್ಕೂ ಹೆಚ್ಚು. 2011ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಹತ್ತಕ್ಕೂ ಹೆಚ್ಚು ಪ್ರಭೇದಗಳು ವಿಜ್ಞಾನಕ್ಕೇ ಹೊಸವು.

ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಂಧುಗಳೇ ಇವು. ಕಲ್ಲುಹೂವೆಂದರೆ ಎರಡು ಜೀವಿಗಳ ಜಂಟಿ ಸಂಸಾರ: ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗಿರುವ ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಆದರೆ ಫ್ಲಾರಿಡಾದ ತೊಗಟೆಯ ಮೇಲಿನವು ಹೆಚ್ಚಾಗಿ ಎಲೆಯಂತೆ ಎದ್ದು ನಿಲ್ಲುವುದಿಲ್ಲ, ಬಣ್ಣ ಬಳಿದ ಹಾಗೆ ಅಂಟಿಕೊಂಡಿರುತ್ತವೆ. ಚಾಕುವಿನಿಂದ ತೊಗಟೆಯ ಚೂರನ್ನೇ ಎಬ್ಬಿಸದೆ ಇವು ಕೈಗೆ ಬರುವುದಿಲ್ಲ.

ನುಣುಪು ತೊಗಟೆಯಲ್ಲಿ ಕಾಣುವ ಗ್ರಾಫಿಸ್ ಕುಲವನ್ನೇ ನೋಡಿ. ಬೂದು ಬಿಳುಪಿನ ಹಾಸಿನ ಮೇಲೆ ಕವಲೊಡೆದ ಸಣ್ಣ ಸಣ್ಣ ಕಪ್ಪು ಗೀಟುಗಳು. ಬೀಜಕಗಳು ಹುಟ್ಟುವುದು ಆ ಗೀಟುಗಳೊಳಗೆ. ಬರಿಗಣ್ಣಿಗೆ ಎಲ್ಲವೂ ಒಂದೇ, ನಿಜವಾದ ಪತ್ತೇದಾರಿ ಶುರುವಾಗುವುದು ಪ್ರಯೋಗಾಲಯದಲ್ಲಿ. ಗೀಟನ್ನು ಬ್ಲೇಡಿನಿಂದ ತೆಳ್ಳಗೆ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಅಯೋಡಿನ್ ತಾಗಿದೊಡನೆ ಬೀಜಕಗಳು ನೀಲಿ ನೇರಳೆಗೆ ತಿರುಗುತ್ತವೆ. ಬೀಜಕದಲ್ಲಿ ಎಷ್ಟು ಕೋಣೆಗಳಿವೆ, ಗೀಟಿನ ಗೋಡೆ ಎಲ್ಲಿಯವರೆಗೆ ಕಪ್ಪಾಗಿದೆ, ಕ್ಷಾರದ ಹನಿ ಬಿದ್ದರೆ ಬಣ್ಣ ಬದಲಾಗುತ್ತದೆಯೇ ಎಂಬ ಒಂದೊಂದು ಉತ್ತರವೂ ಮುಖ್ಯ. ಇಂದು ಡಿಎನ್‌ಎ ಹೋಲಿಕೆಯೂ ಜೊತೆಗೂಡಿದೆ. ಹಳೆಯ ಸಂಗ್ರಹಗಳ ಹೆಸರಿಟ್ಟ ಯಾವ ಮಾದರಿಯೊಂದಿಗೂ ತಾಳೆಯಾಗದಿದ್ದರೆ ಮಾತ್ರ ಅದು ಹೊಸತು. ಆ ತೊಗಟೆ ಚೂರು ಆಧಾರ ಮಾದರಿಯಾಗಿ ಸಂಗ್ರಹಾಲಯ ಸೇರುತ್ತದೆ. 2014ರಲ್ಲಿ ಗ್ರಾಫಿಸ್ ಸೇರಿರುವ ಗ್ರಾಫಿಡೇಸಿ ಕುಟುಂಬದ 175 ಹೊಸ ಪ್ರಭೇದಗಳನ್ನು ಹಲವು ದೇಶಗಳ ತಜ್ಞರು ಒಂದೇ ಪ್ರಬಂಧದಲ್ಲಿ ವಿವರಿಸಿದರು. ಇನ್ನೆಷ್ಟು ಬಾಕಿ ಇರಬಹುದು!

ಈ ಶ್ರಮ ಪಟ್ಟಿ ಬೆಳೆಸುವ ಹವ್ಯಾಸವಲ್ಲ. ಕಲ್ಲುಹೂವುಗಳಿಗೆ ಬೇರಿಲ್ಲ, ನೀರು, ಲವಣಗಳನ್ನು ಬಹುಪಾಲು ಗಾಳಿ ಮತ್ತು ಮಳೆಯಿಂದಲೇ ಹೀರುತ್ತವೆ. ಹಾಗಾಗಿ ಗಾಳಿ ಕೆಟ್ಟರೆ ಮೊದಲು ನರಳುವವುಗಳಲ್ಲಿ ಇವೂ ಸೇರಿವೆ. ಬೆಳವಣಿಗೆಯೋ ಬಹಳ ನಿಧಾನ, ಕಡಿದ ಮರದ ಜಾಗದಲ್ಲಿ ಸಸಿ ನೆಟ್ಟ ಮಾತ್ರಕ್ಕೆ ಅವು ಮರಳುವುದಿಲ್ಲ. ಹೆಸರೇ ಇಲ್ಲದ ಜೀವಿಯನ್ನು ಅಪಾಯದಂಚಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? ಕಾಡಿನ ಬೆಲೆ ಕಟ್ಟುವಾಗ ಮರಗಳನ್ನು ಎಣಿಸಿದರೆ ಸಾಲದು, ತೊಗಟೆಯ ಮೇಲಿನ ಬದುಕೂ ಲೆಕ್ಕಕ್ಕೆ ಬರಬೇಕು.