ರಾವುತರ ಸಾಮಗ್ರಿಯ ಗುರುತು

ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗಲ್ಲಿನ ಫೆರ್ನಾವ್ ನೂನಿಜನು 1535ರ ಸುಮಾರಿಗೆ ಬರೆದಿದ್ದಾನೆ. ಆ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಎಣಿಸಿದರೂ, ಅಷ್ಟು ಕುದುರೆಗಳ ಜೀನು, ಕಡಿವಾಣ, ರಾವುತನು ಪಾದವೂರುವ ಅಂಕವಣೆಗಳೆಲ್ಲ ಏನಾದುವೆಂಬ ಕುತೂಹಲವು ಹಂಪೆಯನ್ನು ಸುತ್ತುವವರಲ್ಲಿ ಹುಟ್ಟದಿರದು. ಚರ್ಮ, ಬಟ್ಟೆ, ಮರಗಳನ್ನು ಗೆದ್ದಲೂ ಮಳೆಯೂ ತಿಂದುವು. ಉಳಿದ ಕಬ್ಬಿಣಕ್ಕೆ ಕಮ್ಮಾರನ ಕುಲುಮೆಯಲ್ಲಿ ಎಂದಿಗೂ ಬೆಲೆಯುಂಟು. ಆದುದರಿಂದ ಇಂತಹ ವಸ್ತುಗಳನ್ನು ಸಂಗ್ರಹಿಸಬಯಸುವವನು ಅಂಗಡಿಗೆ ಹೋಗುವ ಮುನ್ನ ಶಿಲ್ಪದ ಬಳಿಗೆ ಹೋಗತಕ್ಕದ್ದು.

ಹಜಾರರಾಮ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿಯೂ ಮಹಾನವಮಿ ದಿಬ್ಬದ ಮೈಯಲ್ಲಿಯೂ ಸಾಲುಗೊಂಡ ಅಶ್ವಗಳನ್ನು, ಅವುಗಳನ್ನು ಹಿಡಿದು ನಡೆಸುವ ಪರದೇಶೀಯರನ್ನು ಸಾವಧಾನವಾಗಿ ನೋಡಿದರೆ, ಜೀನನ್ನು ಬಿಗಿಯುವ ಪಟ್ಟಿಗಳು ಎದೆಯ ಮೇಲೆ ಹಾಯುವ ರೀತಿಯೂ ಲಗಾಮು ಕಡಿವಾಣವನ್ನು ಸೇರುವ ರೀತಿಯೂ ಕಣ್ಣಿಗೆ ರೂಢಿಯಾಗುತ್ತವೆ. ಕುದುರೆಗಳ ಹಣೆಗೆ ಬೆಳ್ಳಿಯ ಹಾಗೂ ಚಿನ್ನದ ಲೇಪವುಳ್ಳ ಫಲಕಗಳನ್ನು ಕಟ್ಟಿ ಬಣ್ಣದ ರೇಷ್ಮೆಯ ಕುಚ್ಚುಗಳನ್ನು ಇಳಿಬಿಡುತ್ತಿದ್ದುದನ್ನು 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕಂಡು ಬರೆದನು. ಅವನ ಬರಹವನ್ನು ಶಿಲ್ಪದೊಡನೆ ಹೋಲಿಸಿ ಓದಬೇಕು. ಆದರೆ ಕುದುರೆಗೊಂಬೆ ಮಂಟಪದ ಕಂಬಗಳಂತಹ ಕೆತ್ತನೆಗಳಲ್ಲಿ ಶಿಲ್ಪಿಯ ಅಲಂಕಾರಪ್ರಿಯತೆ ಹೆಚ್ಚಾಗಿರುವುದು ಸಹಜವಾದುದರಿಂದ, ಬಳಕೆಯ ಸಾಮಗ್ರಿಯನ್ನು ತಿಳಿಯಲು ಸರಳವಾದ ಸಾಲುಪಟ್ಟಿಕೆಗಳೇ ಹೆಚ್ಚು ನಂಬತಕ್ಕವು.

ಕಂಪಿಲಿಯ ಸೀಮೆಯಲ್ಲಿ ಅಲ್ಲಿಯ ರಾಜಕುಮಾರ ಕುಮಾರರಾಮನ ಹೆಸರೂ ಅವನ ಕುದುರೆ ಬೊಲ್ಲನ ಹೆಸರೂ ಜನರ ನಾಲಗೆಯಲ್ಲಿವೆ. ಆದರೆ 1327ರಲ್ಲಿ ಅಳಿದ ಕಂಪಿಲಿ ರಾಜ್ಯದ ಅಂಕವಣೆಯಿದೆಂದು ಯಾರಾದರೂ ಬೆಲೆ ಹೇಳಿದರೆ ನಂಬುವುದಕ್ಕೆ ಮೊದಲು ಪ್ರಮಾಣವನ್ನು ಕೇಳಬೇಕು. ಮಾರಾಟಕ್ಕೆ ಬರುವ ವಸ್ತುಗಳಲ್ಲಿ ಬಹಳಷ್ಟು ಈಚಿನ ಕಾಲದವು; ಅವು ಹತ್ತಿರದ ಎರಡು ಕಡೆಗಳಿಂದ ಬಂದಿರಬಹುದು. ಸಂಡೂರಿನಲ್ಲಿ 18ನೆಯ ಶತಮಾನದಲ್ಲಿ ನೆಲೆಗೊಂಡು 1949ರಲ್ಲಿ ವಿಲೀನಗೊಂಡದ್ದು ಘೋರ್ಪಡೆಯವರ ಮರಾಠಾ ಸಂಸ್ಥಾನ; ನೆರೆಯ ಬಳ್ಳಾರಿಯಲ್ಲಿ ಇದ್ದುದು ಬ್ರಿಟಿಷರ ದಂಡು.

ಹೊಸಪೇಟೆಯ ಗುಜರಿಯಲ್ಲಿ ತುಕ್ಕು ಹಿಡಿದ ಅಂಕವಣೆಯೊಂದು ಸಿಕ್ಕಿತೆನ್ನಿ. ಬಾಣದ ಮೊನೆಯಂತಹ ಮುದ್ರೆಯಿದ್ದರೆ ಅದು ಬ್ರಿಟಿಷ್ ಸರಕಾರದ ಉಗ್ರಾಣದ ಗುರುತು. ಕೈಯಿಂದ ಬಡಿದುದರಲ್ಲಿ ಸುತ್ತಿಗೆಯ ಏರುಪೇರು ಕಾಣುತ್ತದೆ, ಜೋಡಿಯ ಎರಡೂ ತೂಕದಲ್ಲಿ ತುಸು ಬೇರೆಯಾಗಿರುತ್ತವೆ. ಎರಕದ್ದಾದರೆ ಅಚ್ಚಿನ ಗೆರೆ ಉಳಿದಿರಬಹುದು. ನಿಜವಾಗಿ ಬಳಸಿದ್ದರಲ್ಲಿ ತೊಗಲಿನ ಪಟ್ಟಿ ಹಾಯುವ ಮೇಲಿನ ಕಣ್ಣೂ ಪಾದವೂರುವ ತಳವೂ ಸವೆದಿರಬೇಕು; ಸವಕಳಿಯೇ ಇಲ್ಲದೆ ಮೈಯೆಲ್ಲ ಒಂದೇ ಸಮನಾದ ತುಕ್ಕಿದ್ದರೆ, ಆಮ್ಲದಿಂದ ಬರಿಸಿದ ಮುಪ್ಪೆಂದು ಶಂಕಿಸಬೇಕು. ಹೊಳಪಿನ ಆಸೆಗೆ ಮರಳುಕಾಗದದಿಂದ ತಿಕ್ಕಿದರೆ ಮುದ್ರೆ, ಸವಕಳಿಗಳೆರಡೂ ಅಳಿಯುತ್ತವೆ.

1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ಮೀರಿದ ಇಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಹಂಪೆಯ ಸಂರಕ್ಷಿತ ನೆಲದಿಂದ ಲಾಳದ ಚೂರನ್ನೂ ಎತ್ತಿಕೊಳ್ಳಬಾರದು. ಮನೆತನದ ಅಟ್ಟದಿಂದ ನ್ಯಾಯವಾಗಿ ಬಂದ ವಸ್ತುವಿಗಾದರೋ ಎಲ್ಲಿ, ಯಾರಿಂದ, ಯಾವುದರ ಜೊತೆಗೆ ದೊರೆಯಿತೆಂಬುದನ್ನು ಅಂದೇ ಬರೆದಿಡಬೇಕು. ಮುಂದೆ ವಿದ್ವಾಂಸನೊಬ್ಬನು ಅದನ್ನು ಕೈಗೆತ್ತಿಕೊಂಡಾಗ ಮೊದಲು ಕೇಳುವುದು ಆ ಚೀಟಿಯನ್ನೇ.