ಕಣ್ಣಲ್ಲೇ ನಕ್ಕವಳು

ದುದ್ದದಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ನಮ್ಮ ನೆರೆಮನೆಯ ಖಾಲಾ ಪಕ್ಕದಲ್ಲಿ ಕುಳಿತಿದ್ದರು. "ಮೂಲೆಮನೆಯ ಹೊಸ ಸೊಸೆಗೆ ಎಷ್ಟು ಜಂಬ ನೋಡು ಬೇಟಿ! ಎದುರಿಗೆ ಸಿಕ್ಕರೂ ಒಂದು ನಗು ಇಲ್ಲ" ಎಂದು ದೂರಿದರು. ಆ ಹುಡುಗಿ ನಿಕಾಬ್ ಧರಿಸುತ್ತಾಳೆ. "ನಕ್ಕರೆ ನಿಮಗೆ ಕಾಣುವುದಾದರೂ ಹೇಗೆ ಖಾಲಾ?" ಎಂದೆ. ಖಾಲಾ ಸುಮ್ಮನಾದರು. ಬೆಳಿಗ್ಗೆ ಹಾಲು ತರಲು ಹೋಗುವಾಗ ಅವಳು ನನ್ನನ್ನು ಕಂಡು ನಗುತ್ತಾಳೆ, ಕಣ್ಣಲ್ಲೇ.

ಹೀಗೆ ನಗುವುದಕ್ಕೆ ಇಂಗ್ಲಿಷಿನಲ್ಲಿ 'ಸ್ಮೈಝ್' ಎಂಬ ಆಡುಮಾತಿದೆ. 'ಸ್ಮೈಲ್' ಮತ್ತು 'ಐಸ್' ಎರಡನ್ನೂ ಬೆಸೆದ ಪದ. ಅಮೆರಿಕದ ರೂಪದರ್ಶಿ ಟೈರಾ ಬ್ಯಾಂಕ್ಸ್ 2009ರಲ್ಲಿ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಇದನ್ನು ಚಾಲ್ತಿಗೆ ತಂದರು. ಕ್ಯಾಮೆರಾದ ಮುಂದೆ ತುಟಿ ಅಲುಗಿಸದೆ ಕಣ್ಣಿನಿಂದ ನಗಬೇಕು, ಅಷ್ಟೆ. ನಮ್ಮ ಅಜ್ಜಿಯರು "ಕಣ್ಣಲ್ಲೇ ನಕ್ಕಳು" ಎನ್ನುವಾಗ ಯಾವ ಟಿವಿ ಇತ್ತು?

ಇದರ ಹಿಂದಿನ ಕಥೆ ಇನ್ನೂ ಹಳೆಯದು. ಫ್ರಾನ್ಸಿನ ವೈದ್ಯ ಡುಶೆನ್, ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ಪರೀಕ್ಷಿಸಿ 1862ರಲ್ಲಿ ಪುಸ್ತಕ ಪ್ರಕಟಿಸಿದರು. ವಿದ್ಯುತ್ತಿನಿಂದ ತುಟಿಯ ಅಂಚನ್ನು ಮೇಲೆಳೆದರೂ ಮುಖದಲ್ಲಿ ಸಂತೋಷ ಕಾಣಲಿಲ್ಲ. ಮನಸಾರೆ ನಕ್ಕಾಗ ಮಾತ್ರ ಕಣ್ಣಿನ ಸುತ್ತ ಉಂಗುರದಂತಿರುವ ಸ್ನಾಯು ಬಿಗಿಯುತ್ತದೆ. ಕೆನ್ನೆ ಮೇಲೇರಿ, ಕೆಳರೆಪ್ಪೆ ತುಸು ಉಬ್ಬಿ, ಕಣ್ಣಿನ ಹೊರಮೂಲೆಯಲ್ಲಿ ಸುಕ್ಕುಗಳು ಮೂಡುತ್ತವೆ. ಆದರೆ ಇದನ್ನು ಬೇಕೆಂದೇ ಮಾಡಬಲ್ಲವರೂ ಸಾಕಷ್ಟಿದ್ದಾರೆಂದು ನಂತರದ ಸಂಶೋಧನೆಗಳು ತೋರಿಸಿವೆ. ಸೀರೆ ಅಂಗಡಿಯ ಸೇಲ್ಸ್‌ಮನ್‌ಗಳನ್ನು ಕಂಡ ನಮಗೆ ಅದೇನೂ ಆಶ್ಚರ್ಯವಲ್ಲ!

2020ರಲ್ಲಿ ಕೊರೋನಾ ಬಂದು ಎಲ್ಲರ ಮುಖಕ್ಕೂ ಮಾಸ್ಕ್ ಬಿತ್ತು. ದಿನಸಿ ಅಂಗಡಿಯವರಿಂದ ಹಿಡಿದು ನರ್ಸ್‌ವರೆಗೆ ಎಲ್ಲರೂ ಕಣ್ಣಲ್ಲೇ ನಗಬೇಕಾಯಿತು. ನಿಕಾಬ್ ಧರಿಸುವ ಹೆಣ್ಣುಮಕ್ಕಳಿಗೆ ಅದು ಮೊದಲೇ ಕರಗತ. ಅವರ ಪೈಕಿ ಎಷ್ಟೋ ಮಂದಿ ತಲೆಯನ್ನು ತುಸು ಬಾಗಿಸಿ, ದನಿಯಲ್ಲೂ ನಗುವನ್ನು ಬೆರೆಸಿ ಮಾತಾಡುತ್ತಾರೆ. ಆದರೆ ಕಿವಿ ಕೇಳಿಸದವರ ಪಾಡು ಬೇರೆ. ತುಟಿಯ ಚಲನೆ ನೋಡಿ ಮಾತು ತಿಳಿಯುವ ಅವರಿಗೆ ಎದುರಿನವರ ಕಣ್ಣಷ್ಟೇ ಸಾಲುವುದಿಲ್ಲ. ಬಾಯಿ ಕಾಣುವ ಪಾರದರ್ಶಕ ಮಾಸ್ಕ್‌ಗಳು ಆಗ ಬಂದದ್ದು ಇದಕ್ಕಾಗಿಯೇ.

ಬಸ್ಸಿನ ಮಾತು ಖಾಲಾಗೆ ಚೆನ್ನಾಗಿ ನಾಟಿತ್ತು. ಮರುದಿನ ಆ ಹುಡುಗಿಯನ್ನು ದಾರಿಯಲ್ಲಿ ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು ಅವಳ ಕಣ್ಣನ್ನೇ ದಿಟ್ಟಿಸಿದರಂತೆ. ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿ ಅವಳು ಎರಡು ಸಲ ಸಲಾಂ ಹೇಳಿದಳಂತೆ. ಆಮೇಲೆ ಇಬ್ಬರೂ ನಕ್ಕರಂತೆ.